ಗೋಡೆಯ ಮೇಲಿನ ಕೊಂಬು, ಹೊಲದೊಳಗಿನ ಚಿಗರಿ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದಿಂದ ಒಂದು ಫೋಟೋ ಕಳಿಸಿದ. ಅವನ ಮನೆಯ ಹಾಲ್‌ನಲ್ಲಿ, ಟಿವಿಯ ಮೇಲ್ಗಡೆ, ಗೋಡೆಗೆ ಹಚ್ಚಿದ ಒಂದು ಪ್ರಾಣಿಯ ತಲೆ. ಗಾಜಿನ ಕಣ್ಣು, ಸ್ಕ್ರೂ ತಿರುವಿದಂತೆ ಮೇಲಕ್ಕೆ ಹೋದ ಎರಡು ಕೊಂಬು. "ಸರ್, ಗುರುತು ಸಿಕ್ತೇನ್ರಿ? ನಮ್ಮ ಚಿಗರಿ! ಟೆಕ್ಸಾಸದಾಗ ನಾನೇ ಹೊಡೆದದ್ದು. ಇಲ್ಲಿ ಇದು ಕಾನೂನು ಪ್ರಕಾರ ರೀ" ಅಂತ ಕೆಳಗೆ ಬರೆದಿದ್ದ.

ಗುರುತು ಸಿಗದೇ ಇರುತ್ತದೆಯೇ? ನಮ್ಮ ಕೊತ್ತಪಲ್ಲಿಯ ಕಡೆ, ಮಕ್ತಲ್, ಮಾಗನೂರು, ಕೃಷ್ಣಾ ಕಡೆ ಬೆಳಗ್ಗೆ ಎದ್ದು ಹೊಲಕ್ಕೆ ಹೋದವರಿಗೆ ಮೊದಲು ಕಾಣುವುದೇ ಅದು. ಪುಸ್ತಕದಲ್ಲಿ ಅದು ಕೃಷ್ಣಮೃಗ. ನಮ್ಮ ಮಕ್ಕಳ ಬಾಯಲ್ಲಿ ಚಿಗರಿ, ತೆಲುಗು ಮಕ್ಕಳ ಬಾಯಲ್ಲಿ ಜಿಂಕ. 1930ರ ದಶಕದಲ್ಲಿ ಇದನ್ನು ಟೆಕ್ಸಾಸಿಗೆ ಒಯ್ದು ಬಿಟ್ಟರು. ಅಲ್ಲಿ ಅದು ಪರದೇಶಿ ಪ್ರಾಣಿ. ಬೇಲಿ ಹಾಕಿದ ದೊಡ್ಡ ದೊಡ್ಡ ಜಮೀನುಗಳಲ್ಲಿ ಸಾಕಿ, ದುಡ್ಡು ಕೊಟ್ಟವರಿಗೆ ವರ್ಷವಿಡೀ ಹೊಡೆಯಲು ಬಿಡುತ್ತಾರೆ. ಆದ್ದರಿಂದ ನನ್ನ ಶಿಷ್ಯ ತಪ್ಪೇನೂ ಮಾಡಿಲ್ಲ. ಅದೇ ಪ್ರಾಣಿಯನ್ನು ಅವನು ಹುಟ್ಟಿದ ಊರಿನಲ್ಲಿ ಹೊಡೆದಿದ್ದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು.

ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಫೋನು ಮಾಡಿದ. ಮುಂದಿನ ವರ್ಷ ದಕ್ಷಿಣ ಆಫ್ರಿಕಾಕ್ಕೆ ಹೋಗುತ್ತಾನಂತೆ, ತನ್ನದೇ ರೈಫಲ್ ತೆಗೆದುಕೊಂಡು. ಅರ್ಧ ತಾಸು ಅದರದ್ದೇ ವಿವರ ಹೇಳಿದ. ಕೊನೆಗೆ ಒಂದು ಮಾತು ಎಸೆದ: "ಸರ್, ನಮ್ಮ ಕಡೆ ಚಿಗರಿ ಬೆಳಿ ತಿಂತಾವ, ರೈತರು ಅಳ್ತಾರ. ಆಫ್ರಿಕಾದಾಗ ಮಾಡಿದಂಗ ನಮ್ಮಲ್ಲೂ ಯಾಕ ಮಾಡಬಾರದು? ದುಡ್ಡಿದ್ದವರು ಬರಲಿ, ಹೊಡೀಲಿ, ರೊಕ್ಕ ಕೊಡಲಿ. ರೈತಗೂ ಲಾಭ, ಕಾಡಿಗೂ ಲಾಭ."

ಈ ಮಾತು ಅವನೊಬ್ಬನದ್ದಲ್ಲ. ಹೈದರಾಬಾದಿನ ಮದುವೆ ಊಟದ ಸಾಲಿನಲ್ಲಿ ಕೇಳಿದ್ದೇನೆ, ಮಕ್ತಲ್ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿದ್ದೇನೆ. ಕೇಳಲು ಬಹಳ ಚಂದ ಇದೆ. ಆದ್ದರಿಂದಲೇ ಇದಕ್ಕೆ ಉತ್ತರ ಕೊಡಬೇಕು.

ಮೊದಲು ಆ ಆಫ್ರಿಕಾ ಪ್ರಯಾಣದ ವಿವರವನ್ನೇ ನೋಡೋಣ. ರೈಫಲ್ಲನ್ನು ಖಾಲಿ ಮಾಡಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ವಿಮಾನದ ಕೆಳಗಿನ ಲಗೇಜಿಗೆ ಹಾಕಬೇಕು. ಗುಂಡುಗಳು ಬೇರೆ, ಅವು 5 ಕಿಲೋ ಮೀರಬಾರದು. ಅಮೆರಿಕ ಬಿಡುವ ಮುಂಚೆ ಕಸ್ಟಮ್ಸ್‌ನವರ ಬಳಿ ಬಂದೂಕಿನ ನಂಬರು ಬರೆಸಬೇಕು, ಇಲ್ಲವಾದರೆ ವಾಪಸು ಬರುವಾಗ ಅದು ತನ್ನದೇ ಎಂದು ಸಾಬೀತು ಮಾಡಲು ಪರದಾಟ. ದಕ್ಷಿಣ ಆಫ್ರಿಕಾದಲ್ಲಿ ಇಳಿದ ಕೂಡಲೇ ಪೊಲೀಸರ 520ನೇ ನಂಬರಿನ ಫಾರಂ. ಬಂದೂಕು ಯಾವುದು, ಯಾಕೆ ತಂದಿ, ಯಾರ ಜಮೀನಿನಲ್ಲಿ ಬೇಟೆ, ಎಲ್ಲಕ್ಕೂ ಕಾಗದ. ಹೊಡೆದ ಮೇಲೆ ಚರ್ಮ ಸುಲಿದು ಉಪ್ಪು ಹಾಕಿ ಒಣಗಿಸಬೇಕು, ತಲೆಬುರುಡೆ ಕುದಿಸಿ ತೊಳೆಯಬೇಕು, ರೋಗ ಬರದಂತೆ ಔಷಧಿಯಲ್ಲಿ ಅದ್ದಬೇಕು, ಪಶುವೈದ್ಯರ ಸರ್ಟಿಫಿಕೇಟು ಪಡೆಯಬೇಕು. ಪ್ರಾಣಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟ್ಸ್‌ನ ಮೊದಲ ಪಟ್ಟಿಯಲ್ಲಿದ್ದರೆ, ಉದಾಹರಣೆಗೆ ಚಿರತೆ, ಕಳಿಸುವ ದೇಶದ ಪರವಾನಗಿಯೂ ಬೇಕು, ತರಿಸಿಕೊಳ್ಳುವ ದೇಶದ ಪರವಾನಗಿಯೂ ಬೇಕು. ಆಮೇಲೆ ಕಟ್ಟಿಗೆಯ ಪೆಟ್ಟಿಗೆ, ಹಡಗು ಅಥವಾ ವಿಮಾನ. ಬೇಟೆ ಮುಗಿದು ತಿಂಗಳುಗಟ್ಟಲೆ ಆದ ಮೇಲೆ ಮನೆ ಬಾಗಿಲಿಗೆ ಒಂದು ತಲೆ.

ನಾನು ಈ ನಿಯಮಗಳನ್ನು ಆಡಿಕೊಳ್ಳುತ್ತಿಲ್ಲ. ನಿಯಮ ಇರಬೇಕು, ಇನ್ನೂ ಬಿಗಿ ಆಗಬೇಕು. ಆದರೆ ಒಂದು ಸತ್ತ ಪ್ರಾಣಿಯ ಕೊಂಬನ್ನು ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಸಾಗಿಸಲು ಎಷ್ಟು ಇಲಾಖೆಗಳು, ಎಷ್ಟು ಗುಮಾಸ್ತರು, ಎಷ್ಟು ಠಸ್ಸೆಗಳು ಸಿದ್ಧವಾಗಿ ನಿಂತಿವೆ ನೋಡಿ! ಚಿಗರಿ ತಿಂದುಹೋದ ಎರಡು ಎಕರೆ ಹತ್ತಿಯ ಪಂಚನಾಮೆಗೆ ಒಬ್ಬ ಸಿಬ್ಬಂದಿ ಬರಲಿ ಎಂದು ನಮ್ಮ ರೈತ ಎಷ್ಟು ಸಲ ಓಡಾಡುತ್ತಾನೆ ಅನ್ನುವುದನ್ನೂ ಪಕ್ಕದಲ್ಲಿಟ್ಟು ನೋಡಿ.

ಇರಲಿ. ಈಗ ವಾದಕ್ಕೆ ಬರುತ್ತೇನೆ. ಎದುರು ಪಕ್ಷದ ಗಟ್ಟಿ ಮಾತನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದು ನ್ಯಾಯವಲ್ಲ.

ನಮೀಬಿಯಾ 1996ರಲ್ಲಿ ಒಂದು ಕಾನೂನು ಮಾಡಿತು. ಹಳ್ಳಿಯ ಜನ ತಮ್ಮ ನೆಲದ ವನ್ಯಪ್ರಾಣಿಗಳನ್ನು ತಾವೇ ನೋಡಿಕೊಂಡು, ಪ್ರವಾಸ ಮತ್ತು ಬೇಟೆಯಿಂದ ಬಂದ ಹಣವನ್ನು ತಾವೇ ಇಟ್ಟುಕೊಳ್ಳುವ ಹಕ್ಕು ಪಡೆದರು. ಜಿಂಬಾಬ್ವೆಯಲ್ಲಿ 1980ರ ದಶಕದಿಂದಲೇ ಇಂಥ ಪ್ರಯತ್ನ ನಡೆದಿದೆ. ಬೋಟ್ಸ್ವಾನಾ 2014ರಲ್ಲಿ ಬೇಟೆ ನಿಲ್ಲಿಸಿ, ಆನೆಗಳಿಂದ ಬೇಸತ್ತ ಹಳ್ಳಿಗರ ಒತ್ತಾಯಕ್ಕೆ 2019ರಲ್ಲಿ ಮತ್ತೆ ತೆರೆಯಿತು. ಬೇಟೆಯ ತಲೆ-ಚರ್ಮಗಳ ಆಮದಿಗೆ ಕಡಿವಾಣ ಹಾಕುವ ಮಾತನ್ನು ಜರ್ಮನಿ ಆಡಿದಾಗ, 2024ರಲ್ಲಿ ಬೋಟ್ಸ್ವಾನಾದ ಆಗಿನ ಅಧ್ಯಕ್ಷ ಮಸಿಸಿ, ಹಾಗಾದರೆ ನಿಮ್ಮ ದೇಶಕ್ಕೆ 20,000 ಆನೆ ಕಳಿಸುತ್ತೇವೆ, ನೀವೇ ಸಾಕಿಕೊಳ್ಳಿ ಎಂದಿದ್ದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ದೂರದಲ್ಲಿ ಕೂತು ಪ್ರಾಣಿದಯೆ ಬೋಧಿಸುವುದು ಸುಲಭ, ರಾತ್ರಿ ಹೊಲ ಕಾಯುವುದು ಕಷ್ಟ. ಅಲ್ಲಿನ ಜನ ತಮ್ಮ ನೆಲದಲ್ಲಿ ಏನು ಮಾಡಬೇಕು ಎಂದು ಕೊತ್ತಪಲ್ಲಿಯ ಮಾಸ್ತರ ಹೇಳಬೇಕಾಗಿಲ್ಲ.

ಆದರೆ ನನ್ನ ಶಿಷ್ಯ ಹೇಳಿದ್ದು ಆಫ್ರಿಕಾದ ಬಗ್ಗೆ ಅಲ್ಲ, ನಮ್ಮ ಊರಿನ ಬಗ್ಗೆ. ನಮ್ಮ ಊರಿಗೆ ಆ ಅಂಗಿ ಹೊಂದುವುದಿಲ್ಲ. ಯಾಕೆ ಎಂದು ಹೇಳುತ್ತೇನೆ.

ಒಂದನೆಯದು, ಲೆಕ್ಕ. ಗೋಡೆಗೆ ತಲೆ ಹಚ್ಚುವವನಿಗೆ ಬೇಕಾದದ್ದು ಎಂಥ ಚಿಗರಿ? ಮೈ ಕಪ್ಪಾದ, ಕೊಂಬು ಉದ್ದವಾದ ದೊಡ್ಡ ಗಂಡು. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬೇ ಇರುವುದಿಲ್ಲ. ಆದರೆ ಹಿಂಡು ಬೆಳೆಸುವುದು ಹೆಣ್ಣು, ಹೊಲಕ್ಕೆ ನುಗ್ಗಿ ಮೊಳಕೆ ಮೇಯುವ ಹಿಂಡಿನಲ್ಲಿ ಹೆಣ್ಣೂ ಮರಿಯೂ ತುಂಬಿರುತ್ತವೆ. ಒಂದು ಗಂಡು ಸತ್ತರೆ ಅದರ ಜಾಗಕ್ಕೆ ಕಾಯುತ್ತಾ ನಿಂತ ಇನ್ನೊಂದು ಗಂಡು ಬರುತ್ತದೆ, ಮುಂದಿನ ವರ್ಷ ಮರಿಗಳು ಅಷ್ಟೇ ಹುಟ್ಟುತ್ತವೆ. ಅಂದರೆ ಬೇಟೆಗಾರ ದುಡ್ಡು ಕೊಟ್ಟು ಹತ್ತು ಗಂಡು ಹೊಡೆದರೂ ರೈತನ ಹತ್ತಿ ಉಳಿಯುವುದಿಲ್ಲ. ಹಾಗಾದರೆ ಹೆಣ್ಣನ್ನೂ ಹೊಡೆಯಲಿ ಅಂತೀರಾ? ಕೊಂಬಿಲ್ಲದ ಹೆಣ್ಣಿನ ತಲೆಗೆ ಸಾವಿರಾರು ಡಾಲರ್ ಯಾವನು ಕೊಡುತ್ತಾನೆ? ಅದು ಬೇಟೆಯ ಪ್ರವಾಸ ಅಲ್ಲ, ಸರ್ಕಾರಿ ಖರ್ಚಿನ ಕೊಲೆ. ಬಿಹಾರದ ಮೊಕಾಮಾದಲ್ಲಿ 2016ರಲ್ಲಿ ಹಾಗೆಯೇ ಆಯಿತು. ನೀಲಗಾಯಿಗಳನ್ನು ಪೀಡಕ ಪ್ರಾಣಿ ಎಂದು ಘೋಷಿಸಿ, ಹೈದರಾಬಾದಿನಿಂದ ಬೇಟೆಗಾರರನ್ನು ಕರೆಸಿ, 200ಕ್ಕೂ ಹೆಚ್ಚು ಹೊಡೆಸಿದರು. ಕೇಂದ್ರದ ಇಬ್ಬರು ಮಂತ್ರಿಗಳೇ ಬಹಿರಂಗವಾಗಿ ಜಗಳವಾಡಿದರು. ಅಲ್ಲಿ ಯಾರೂ ಡಾಲರ್ ತರಲಿಲ್ಲ.

ಎರಡನೆಯದು, ಹಣ ಯಾರಿಗೆ? ನಮೀಬಿಯಾದಲ್ಲಿ ಮೊದಲು ಹಳ್ಳಿಗೆ ಹಕ್ಕು ಬಂತು, ಆಮೇಲೆ ಬೇಟೆಗಾರ ಬಂದ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಕಲಂ ಪ್ರಕಾರ ಬೇಟೆಯಾದ ಪ್ರಾಣಿ ಸರ್ಕಾರದ ಆಸ್ತಿ. ಚಿಗರಿ ಮೇಯುವುದು ಮಾತ್ರ ರೈತನ ಆಸ್ತಿಯಲ್ಲಿ! ನಾಳೆ ಫೀಸು ಬಂದರೆ ಅದು ಖಜಾನೆಗೆ ಹೋಗುತ್ತದೆ, ಖಜಾನೆಯಿಂದ ಹೊಲಕ್ಕೆ ಬರುವ ದಾರಿ ನಮಗೆಲ್ಲ ಗೊತ್ತೇ ಇದೆ. ರೈತನಿಗೆ ಕೊಡುವ ಮನಸ್ಸು ಇದ್ದವರು ಗುಂಡು ಹಾರಿಸದೆಯೂ ಕೊಡಬಹುದು. ಮನಸ್ಸಿಲ್ಲದವರು ಗುಂಡು ಹಾರಿಸಿದರೂ ಕೊಡುವುದಿಲ್ಲ.

ಮೂರನೆಯದು, ಈ ಆಟ ನಾವು ಆಡಿ ಮುಗಿಸಿದ್ದೇವೆ. ಒಂದು ಕಾಲಕ್ಕೆ ನಾವೇ ಆ ಆಫ್ರಿಕಾ! 1950, 60ರ ದಶಕಗಳಲ್ಲಿ ವಿದೇಶಿ ಶಿಕಾರಿಗಳು ರೈಫಲ್ ಹಿಡಿದು ಭಾರತಕ್ಕೆ ಬರುತ್ತಿದ್ದರು. ಅವರನ್ನು ಕಾಡಿಗೆ ಕರೆದೊಯ್ಯುವ ಕಂಪನಿಗಳಿದ್ದವು. ವಿದೇಶಿ ವಿನಿಮಯ ಬರುತ್ತದೆ ಎಂಬ ವಾದ ಆಗಲೂ ಇತ್ತು. ಹೊಡೆದ ಹುಲಿ ಎಲ್ಲಿಗೆ ಹೋಗುತ್ತಿತ್ತು? ಬಹಳಷ್ಟು ನಮ್ಮ ಮೈಸೂರಿಗೆ! ಅಲ್ಲಿ ಯೂಜಿನ್ ವ್ಯಾನ್ ಇಂಗೆನ್ 1900ರ ಹೊತ್ತಿಗೆ ಶುರುಮಾಡಿದ ಕಾರ್ಖಾನೆಯಿತ್ತು. ಮಹಾರಾಜರು, ವೈಸ್‌ರಾಯ್‌ಗಳು, ಸಾಹೇಬರು ಕಳಿಸಿದ ಚರ್ಮಗಳಿಗೆ ಅಚ್ಚು ಮಾಡಿ, ಗಾಜಿನ ಕಣ್ಣಿಟ್ಟು, ಬಾಯಿ ತೆರೆಸಿ, ಪೆಟ್ಟಿಗೆ ಕಟ್ಟಿ ದೇಶ ವಿದೇಶಗಳಿಗೆ ಕಳಿಸುತ್ತಿದ್ದರು. ಅವರ ಮಕ್ಕಳ ಹೆಸರಲ್ಲೂ ಆಫ್ರಿಕಾ ಇತ್ತು. ಬೋಥಾ, ಡಿ ವೆಟ್, ಜೂಬರ್ಟ್, ಎಲ್ಲ ದಕ್ಷಿಣ ಆಫ್ರಿಕಾದ ಬೋಯರ್ ಸೇನಾನಿಗಳ ಹೆಸರು. ಆ ಕೆಲಸಗಾರರ ಕೈಚಳಕದ ಬಗ್ಗೆ ನನಗೆ ಎರಡು ಮಾತಿಲ್ಲ. ಕಾರ್ಖಾನೆ 1999ರಲ್ಲಿ ಮುಚ್ಚಿತು, ಜೂಬರ್ಟ್ ನೂರು ತುಂಬಿದ ಮೇಲೆ 2013ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಹತ್ತಾರು ಸಾವಿರ ಹುಲಿ ಚಿರತೆಗಳ ಚರ್ಮ ಆ ಕಾರ್ಖಾನೆಯನ್ನು ದಾಟಿ ಹೋಗಿದ್ದವು.

ಕೊನೆಗೆ ಏನಾಯಿತು? 1972ರಲ್ಲಿ ಹುಲಿ ಎಣಿಸಿದಾಗ ಇಡೀ ದೇಶದಲ್ಲಿ ಸಿಕ್ಕಿದ್ದು 1,827. ಕಾಡು ಕಡಿದದ್ದೂ ಕಾರಣ, ವಿಷ ಇಟ್ಟದ್ದೂ ಕಾರಣ, ಎಲ್ಲವನ್ನೂ ಬೇಟೆಯ ತಲೆಗೆ ಕಟ್ಟುವುದಿಲ್ಲ. ಆದರೆ ಬೇಟೆಯ ರೊಕ್ಕದಿಂದ ಕಾಡು ಉಳಿಯುತ್ತದೆ ಎಂಬ ಮಾತು ನಿಜವಾಗಿದ್ದರೆ ನಮ್ಮಲ್ಲಿ ಕಾಡು ತುಂಬಿ ತುಳುಕಬೇಕಿತ್ತಲ್ಲ, ಸ್ವಾಮಿ? ಬೇಟೆ ನಿಂತು, ಕಾಡು ಕಾಯ್ದು, ಐವತ್ತು ವರ್ಷ ಕಳೆದ ಮೇಲೆ 2022ರ ಗಣತಿಯಲ್ಲಿ ಹುಲಿಗಳ ಅಂದಾಜು 3,682ಕ್ಕೆ ಬಂತು.

ಸಿವಂಗಿಯ ಕಥೆ ಇನ್ನೂ ಕೆಟ್ಟದು. ಈಗ ಟಿವಿಯವರು ಚೀತಾ ಅನ್ನುತ್ತಾರಲ್ಲ, ಅದೇ. ಚಿಗರಿಯನ್ನು ಅಟ್ಟಿಸಿ ಹಿಡಿಯಲೆಂದೇ ರಾಜರು ಅದನ್ನು ಪಳಗಿಸುತ್ತಿದ್ದರು. ನಮ್ಮಲ್ಲಿ ಸಿವಂಗಿ ಸಿಗದಾದಾಗ ಕೊಲ್ಹಾಪುರದಂಥ ಸಂಸ್ಥಾನಗಳು ಆಫ್ರಿಕಾದಿಂದ ತರಿಸಿಕೊಂಡವು. 1947ರಲ್ಲಿ ಕೊರಿಯಾ ಸಂಸ್ಥಾನದ ರಾಜ ಮೂರು ಸಿವಂಗಿ ಹೊಡೆದ, 1952ರಲ್ಲಿ ದೇಶದಲ್ಲಿ ಅದು ಅಳಿದೇಹೋಯಿತು ಎಂದು ಸರ್ಕಾರ ಘೋಷಿಸಿತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ 8, ಮರುವರ್ಷ ದಕ್ಷಿಣ ಆಫ್ರಿಕಾದಿಂದ 12 ಸಿವಂಗಿಗಳನ್ನು ವಿಮಾನದಲ್ಲಿ ಹೊತ್ತು ತಂದೆವು. ಒಂದು ಫೋಟೋಕ್ಕೆ ಮೂರು ಜೀವ. ಅದನ್ನು ಸರಿಪಡಿಸಲು ಎಪ್ಪತ್ತೈದು ವರ್ಷ ಮತ್ತು ವಿಮಾನ!

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಬಂದೂಕು ಯಾರ ಕೈಯಲ್ಲಿ ಶೋಭೆ, ಯಾರ ಕೈಯಲ್ಲಿ ಅಪರಾಧ?

ಹಲಗಲಿಯ ಬೇಡರ ಪಾಠ ಮಾಡುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. 1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಿ ಎಂದಿತು. ಮುಧೋಳದ ಹತ್ತಿರದ ಆ ಹಳ್ಳಿಯ ಬೇಡರಿಗೆ ಆಯುಧ ಅಂದರೆ ಹೊಟ್ಟೆಪಾಡು. ಕೊಡುವುದಿಲ್ಲ ಅಂದರು. ಊರಿಗೆ ಬೆಂಕಿ ಬಿತ್ತು, 19 ಜನರನ್ನು ಗಲ್ಲಿಗೇರಿಸಿದರು. ನಮ್ಮ ಕಡೆ ಹರಣಶಿಕಾರಿ ಅಂತ ಒಂದು ಜನಾಂಗವಿದೆ, ಹೆಸರೇ ಹೇಳುತ್ತದೆ ಜಿಂಕೆಯ ಬೇಟೆ ಅವರ ಕುಲಕಸುಬು ಎಂದು. ಹುಟ್ಟಿನಿಂದಲೇ ಕಳ್ಳರು ಎಂದು ಹಣೆಪಟ್ಟಿ ಹಚ್ಚುವ ಕಾನೂನನ್ನು ಬ್ರಿಟಿಷರು 1871ರಲ್ಲಿ ತಂದರು. ಇಂಥ ಎಷ್ಟೋ ಜನಾಂಗಗಳಿಗೆ ಅದು ಹತ್ತಿತು, ಅದು ಹೋಗಿದ್ದು 1952ರಲ್ಲಿ. ಅದೇ ಕಾಲದಲ್ಲಿ ಹೈದರಾಬಾದಿನ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಹುಲಿ ಹೊಡೆದರೆ ಅದು ಶೌರ್ಯ. ನಮ್ಮ ಹಳೇ ಜಿಲ್ಲೆ ಮಹಬೂಬನಗರಕ್ಕೆ ಅವರದೇ ಹೆಸರು. ಇವತ್ತು ಹೈದರಾಬಾದಿನ ವನಸ್ಥಲಿಪುರಂನಲ್ಲಿ ಚಿಗರಿ ನೋಡಲು ಮಕ್ಕಳನ್ನು ಕರೆದೊಯ್ಯುತ್ತೇವಲ್ಲ, ಆ ಹರಿಣ ವನಸ್ಥಲಿಯೂ ನಿಜಾಮರ ಶಿಕಾರಿಯ ಜಾಗವೇ ಆಗಿತ್ತು.

ಈಗಿನ ಕಾನೂನು ನೋಡಿ. 1959ರ ಆಯುಧ ಕಾಯ್ದೆಯ 13ನೇ ಕಲಂನಲ್ಲಿ ಬೆಳೆ ಕಾಯಲು ಮದ್ದು ತುಂಬುವ ನಾಡಬಂದೂಕಿಗೆ ಲೈಸೆನ್ಸ್ ಕೊಡಬಹುದು ಎಂದಿದೆ. ಆದರೆ ಚಿಗರಿ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಆ ಅನುಸೂಚಿಯ ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯವಾದರೆ, ಇಲ್ಲವೇ ವಾಸಿಯಾಗದಂತೆ ರೋಗಬಿದ್ದರೆ, ಮುಖ್ಯ ವನ್ಯಜೀವಿ ಪರಿಪಾಲಕರ ಅಪ್ಪಣೆ ಮೇಲೆ ಮಾತ್ರ ಹೊಡೆಯಬಹುದು. ಬೆಳೆ ತಿಂದರೆ ಅಲ್ಲ. ಪೀಡಕ ಪ್ರಾಣಿ ಎಂದು ಘೋಷಿಸಲೂ ಬರುವುದಿಲ್ಲ. ಈ ಕಾನೂನು ಸರಿಯೇ ಇದೆ ಎಂದು ನಾನು ನಂಬಿದ್ದೇನೆ. ನನ್ನ ಪಕ್ಕದ ಹೊಲದ ಅಜ್ಜ, ಚಿಗರಿ ತಿಂದದ್ದಕ್ಕೆ ಎರಡು ಸಲ ಹತ್ತಿ ಬೀಜ ಊರಿದವರು, ಅವರೂ ಒಂದು ಕಲ್ಲು ಎತ್ತಿ ಹೊಡೆಯಲಿಲ್ಲ. ಹೆಂಡತಿಯ ಹಳೇ ಸೀರೆಗಳನ್ನು ಬದುವಿಗೆ ಕಟ್ಟಿ, ತಗಡು ಬಡಿಯುತ್ತಾ ರಾತ್ರಿ ಕಾಯ್ದರು. "ಅವಕ್ಕರ ಎಲ್ಲೈತಿ ಜಾಗ, ಮಾಸ್ತರ?" ಅಂದರು.

ಈಗ ಆ ಅಜ್ಜನ ಎದುರಿಗೆ ನಿಂತು ನನ್ನ ಶಿಷ್ಯನ ಯೋಜನೆಯನ್ನು ಹೇಳಿ ನೋಡಿ. "ಅಜ್ಜ, ನೀನು ಹೊಡೆದರೆ ಜೈಲು. ವಿಮಾನದಲ್ಲಿ ಬಂದವನು ಹೊಡೆದರೆ ಪರವಾನಗಿ. ನಿನ್ನ ಹೊಲದಲ್ಲೇ ಹೊಡೀತಾನೆ, ನೀನು ತಲೆ ಹೊರಲು ಬಾ, ಕೂಲಿ ಕೊಡ್ತಾನೆ." ಹೇಳಲು ನಾಲಿಗೆ ಬರುತ್ತದೆಯೇ? ನನಗಂತೂ ಬರುವುದಿಲ್ಲ. ಕಾನೂನು ಎಲ್ಲರಿಗೂ ಒಂದೇ ಎಂಬ ನಂಬಿಕೆಯ ಮೇಲೆ ಅಜ್ಜ ಕಲ್ಲು ಎತ್ತದೆ ಕೂತಿದ್ದಾರೆ. ಆ ನಂಬಿಕೆ ಒಡೆದ ದಿನ ಚಿಗರಿಯನ್ನು ಯಾವ ಅನುಸೂಚಿಯೂ ಉಳಿಸಲಾರದು.

ಹೊರದೇಶದಲ್ಲೂ ಈ ಶೋಕಿಯ ಬಗ್ಗೆ ಮನಸ್ಸು ಬದಲಾಗುತ್ತಿದೆ. 2015ರ ಜುಲೈನಲ್ಲಿ ಜಿಂಬಾಬ್ವೆಯ ಸೆಸಿಲ್ ಎಂಬ ಸಿಂಹವನ್ನು ಅಮೆರಿಕದ ದಂತವೈದ್ಯನೊಬ್ಬ ಕೊಂದ ಸುದ್ದಿ ಓದಿದ್ದೀರಿ. ಮುಂದಿನ ತಿಂಗಳೇ ಡೆಲ್ಟಾದಂಥ ವಿಮಾನ ಕಂಪನಿಗಳು ಸಿಂಹ, ಚಿರತೆ, ಆನೆ, ಘೇಂಡಾ, ಕಾಡೆಮ್ಮೆಯ ತಲೆ-ಚರ್ಮ ಸಾಗಿಸುವುದಿಲ್ಲ ಎಂದವು. ಅದೇ ವರ್ಷ ಆಸ್ಟ್ರೇಲಿಯಾ, ಫ್ರಾನ್ಸ್ ಸಿಂಹದ ತಲೆ-ಚರ್ಮದ ಆಮದು ನಿಲ್ಲಿಸಿದವು. ಕೀನ್ಯಾ 1977ರಲ್ಲೇ ಬೇಟೆ ನಿಲ್ಲಿಸಿದ ದೇಶ. ಅವರು ಬಿಡುತ್ತಿರುವ ಚಟವನ್ನು ನಾವು ಹೊಸದಾಗಿ ಹಚ್ಚಿಕೊಳ್ಳಬೇಕೇ?

ಹಾಗಾದರೆ ಚಿಗರಿಯ ಕಾಟಕ್ಕೆ ಮದ್ದೇನು ಮಾಸ್ತರೇ, ಬರೀ ಉಪದೇಶವೇ? ಎಂದು ಕೇಳುತ್ತೀರಿ. ಕೇಳಲೇಬೇಕು.

ಆಫ್ರಿಕಾದಿಂದ ಕಲಿಯೋಣ, ಬೇಡ ಅಂದವರು ಯಾರು? ಅಲ್ಲಿ ಬೋಮಾ ಅಂತ ಒಂದು ಪದ್ಧತಿಯಿದೆ. ಬಾಯಿ ಅಗಲ, ಹೋಗುತ್ತಾ ಹೋಗುತ್ತಾ ಕಿರಿದಾಗುವ ಬೇಲಿಯೊಳಕ್ಕೆ ಹಿಂಡನ್ನು ಮೆಲ್ಲಗೆ ಅಟ್ಟಿ, ಕೊನೆಯಲ್ಲಿ ನಿಂತ ಲಾರಿಗೆ ಹತ್ತಿಸುತ್ತಾರೆ. ಗುಂಡಿಲ್ಲ, ಅರಿವಳಿಕೆಯ ಸೂಜಿಯೂ ಇಲ್ಲ. 2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಶಾಜಾಪುರದ ಹೊಲಗಳಲ್ಲಿ ದಕ್ಷಿಣ ಆಫ್ರಿಕಾದ ಪರಿಣಿತರನ್ನು ಕರೆಸಿ, ಹೆಲಿಕಾಪ್ಟರಿನಿಂದ ಅಟ್ಟಿಸಿ, ನೂರಾರು ಚಿಗರಿಗಳನ್ನು ಹೀಗೆ ಹಿಡಿದು ಅಭಯಾರಣ್ಯಗಳಿಗೆ ಬಿಟ್ಟರು. ಅವರ ರೈತರೂ ನಮ್ಮಂಥವರೇ, ಅವರ ಚಿಗರಿಯೂ ನಮ್ಮಂಥದ್ದೇ. ನಮ್ಮ ಜಿಲ್ಲೆಯಲ್ಲೂ ಚಿಗರಿ ಹಿಡಿದು ಸಾಗಿಸುವ, ಅವಕ್ಕೊಂದು ಜಾಗ ಮಾಡುವ ಮಾತು ವರ್ಷಗಳಿಂದ ಕೇಳುತ್ತಲೇ ಇದ್ದೇವೆ. ಮಾತು ಸಾಕು, ಲಾರಿ ಬರಲಿ.

ಅಜ್ಜನ ಪ್ರಶ್ನೆಯೇ ಮೂಲ ಪ್ರಶ್ನೆ. ಅವಕ್ಕೆ ಜಾಗ ಎಲ್ಲಿದೆ? ಚಿಗರಿ ದಟ್ಟ ಕಾಡಿನ ಪ್ರಾಣಿಯಲ್ಲ, ಬಯಲಿನ ಹುಲ್ಲಿನ ಪ್ರಾಣಿ. ಜುರಾಲ, ಸಂಗಂಬಂಡದ ನೀರು ಬಂದ ಮೇಲೆ ಬೀಳು ಬಿದ್ದ ನೆಲವೆಲ್ಲ ಹೊಲವಾಯಿತು. ನೀರು ಬಂದದ್ದು ಒಳ್ಳೆಯದೇ. ಆದರೆ ಹುಲ್ಲುಗಾವಲನ್ನು ಬಂಜರು ಎಂದು ಬರೆದು ಹಂಚಿದ್ದು ತಪ್ಪು. ಕರ್ನಾಟಕದಲ್ಲಿ ರಾಣೆಬೆನ್ನೂರಿನಲ್ಲಿ 1974ರಲ್ಲೇ ಚಿಗರಿಗೆಂದು ಅಭಯಾರಣ್ಯ ಮಾಡಿದರು, ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ 2007ರಲ್ಲಿ ಜಯಮಂಗಲಿ ಮೀಸಲು ಪ್ರದೇಶ ಆಯಿತು. ನಮ್ಮ ಈ ಗಡಿಯಲ್ಲಿ ಯಾಕೆ ಆಗಬಾರದು? ಗದ್ವಾಲ 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಗೆರೆ ಎಳೆದದ್ದು ನಾವು. ಚಿಗರಿಗೆ ಆ ಗೆರೆ ಕಾಣುವುದಿಲ್ಲ, ರಾತ್ರಿ ಕರ್ನಾಟಕದಲ್ಲಿ ಮೇಯ್ದು ಬೆಳಗ್ಗೆ ತೆಲಂಗಾಣದಲ್ಲಿ ಮಲಗುತ್ತದೆ. ಎರಡೂ ಸರ್ಕಾರಗಳು ಕೂತು ಮಾತಾಡಿದರೆ ಮಾತ್ರ ಇದು ಬಗೆಹರಿಯುತ್ತದೆ.

ನನ್ನ ಬೇಡಿಕೆ ಇಷ್ಟೇ. ಬಿತ್ತನೆಯ ಮೊದಲೇ ಬೋಮಾ ಹಾಕಿ ಹಿಂಡು ಸಾಗಿಸಲಿ. ಹುಲ್ಲಿನ ನೆಲ ಗುರುತಿಸಿ ಬಿಡಲಿ. ಬೆಳೆ ಹೋದ ಹಂಗಾಮಿನೊಳಗೇ, ಗಡಿಯ ಎರಡೂ ಕಡೆ ಒಂದೇ ದರದಲ್ಲಿ, ಪರಿಹಾರ ಕೊಡಲಿ, ಮರುಬಿತ್ತನೆಯ ಬೀಜದ ಖರ್ಚನ್ನೂ ಸೇರಿಸಿ. ಕೊಂಬು ಗೋಡೆಯ ಮೇಲೆ ಬೇಕು ಎನ್ನುವವರಿಗೆ ನಮ್ಮ ನೆಲದಲ್ಲಿ ಪರವಾನಗಿ ಇಂದೂ ಬೇಡ, ನಾಳೆಯೂ ಬೇಡ.

ನನ್ನ ಶಿಷ್ಯನಿಗೂ ಇದನ್ನೇ ಬರೆದು ಕಳಿಸಿದ್ದೇನೆ. ಆಫ್ರಿಕಾಕ್ಕೆ ಖರ್ಚು ಮಾಡುವ ದುಡ್ಡಿನಲ್ಲಿ ಒಂದು ಪಾಲು ಊರಿಗೆ ಕಳಿಸು, ಅಜ್ಜನ ಹೊಲಕ್ಕೆ ತಂತಿ ಬೇಲಿ ಹಾಕಿಸೋಣ, ಬೇಲಿಯ ಆಚೆ ನಿಂತು ನೀನು ಬೇಕಾದಷ್ಟು ಫೋಟೋ ಹೊಡಿ ಎಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಬೈದರೂ ಪರವಾಗಿಲ್ಲ, ಹುಡುಗ ಒಳ್ಳೆಯವನು, ಯೋಚನೆ ಮಾಡುತ್ತಾನೆ.

ನೀವೇನಂತೀರಿ?